ಕೆರೆ ಸುತ್ತ ದಾರಿ ಮಾಡಲು ಹೋಗಿ ಸುತ್ತನ್ನೇ ಬಿಟ್ಟ ಕಥೆ

ಸುಣ್ಣದ ಗೆರೆ ಎಳೆಯುತ್ತಾ ಹೋಗುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ "ಸಾರ್, ನಿಂತ್ಕೊಳ್ಳಿ" ಅಂದ. ಅವನ ಕಾಲಿನಿಂದ ಎರಡು ಗೇಣು ದೂರದಲ್ಲಿ ನಾಲ್ಕು ಮೊಟ್ಟೆ ಇದ್ದವು. ಗೂಡು ಅಂತ ಏನಿಲ್ಲ, ಸುಮ್ನೆ ನೆಲದಲ್ಲೊಂದು ತಗ್ಗು, ಸುತ್ತ ಸಣ್ಣ ಕಲ್ಲುಗಳು. ಮೊಟ್ಟೆಗಳದ್ದು ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಮಚ್ಚೆ, ಚೂಪು ತುದಿಗಳೆಲ್ಲ ಒಳಮುಖವಾಗಿ ಸೇರಿದ್ದವು. ಟಿಟ್ಟಿಭ ಹಕ್ಕಿ ಬೆಳಗ್ಗೆಯಿಂದ ನಮ್ಮ ತಲೆ ಮೇಲೆ ಕಿರುಚುತ್ತಲೇ ಇತ್ತು. ಯಾಕೆ ಅಂತ ನಾವು ಯಾರೂ ನೋಡಿರಲಿಲ್ಲ.

ನಾನು ಸಿವಿಲ್ ಎಂಜಿನಿಯರ್. ಪಾರ್ಕು, ಕೆರೆ ದಂಡೆಗಳಲ್ಲಿ ದಾರಿ ಮಾಡೋದು ನನ್ನ ಕೆಲಸ. ಇದು ಬೆಂಗಳೂರಿನ ಹೊರವಲಯದ ಒಂದು ಸಾಧಾರಣ ಕೆರೆ. ನಕ್ಷೆಯೂ ನಾನೇ ಬರೆದದ್ದು: ಕೆರೆ ಸುತ್ತ 2.3 ಕಿಲೋಮೀಟರ್, 3 ಮೀಟರ್ ಅಗಲ, ಇಂಟರ್‌ಲಾಕ್ ಟೈಲ್ಸ್, ಉದ್ದಕ್ಕೂ ಲೈಟ್ ಕಂಬ, ನಡೆಯುವವರಿಗೂ ಸೈಕಲ್‌ನವರಿಗೂ ಒಂದೇ ದಾರಿ. ಎಲ್ಲ ಕಡೆ ಹೀಗೇ ಮಾಡುತ್ತಾರೆ, ನಾನೂ ಮಾಡಿದ್ದೆ. ಅವತ್ತು ಗೆರೆ ಅಲ್ಲಿಗೇ ನಿಲ್ಲಿಸಿ ಮನೆಗೆ ಬಂದೆವು. ಆ ಮರಿಗಳು ಮೊಟ್ಟೆ ಒಡೆದು ಹೋಗುವವರೆಗೆ, ಅಂದರೆ ಸುಮಾರು ಒಂದು ತಿಂಗಳು, ಆ ಕಡೆ ಕೆಲಸ ಮುಟ್ಟಲಿಲ್ಲ. ಆ ತಿಂಗಳಲ್ಲೇ ಇಡೀ ನಕ್ಷೆ ಬದಲಾಯಿತು.

ನಕ್ಷೆಯಲ್ಲಿ ಕೆರೆ ದಡ ಅಂದರೆ ಒಂದು ನೀಲಿ ಗೆರೆ ಅಷ್ಟೇ. ನಿಜವಾದ ದಡ ಓಡಾಡುತ್ತಿರುತ್ತದೆ. ಏರಿ, ಅಂದರೆ ಕೆರೆ ನೀರು ತಡೆಯುವ ಮಣ್ಣಿನ ಕಟ್ಟೆ, ಅದರ ಕಡೆ ನೀರು ಆಳ, ಅಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ. ಏರಿಯ ಎದುರು ದಿಕ್ಕಿನಲ್ಲಿ, ಕಾಲುವೆ ಬಂದು ಸೇರುವ ಜಾಗದಲ್ಲಿ, ನೆಲ ಎಷ್ಟು ಸಮತಟ್ಟು ಅಂದರೆ ಏಪ್ರಿಲ್‌ನಲ್ಲಿ ನೀರು ಇರುವ ಜಾಗಕ್ಕೂ ಅಕ್ಟೋಬರ್‌ನಲ್ಲಿ ಇರುವ ಜಾಗಕ್ಕೂ ಹೆಚ್ಚುಕಮ್ಮಿ ನಲವತ್ತು ಮೀಟರ್ ಅಂತರ. ನಡುವೆ ಇರೋದೆಲ್ಲ ಜೊಂಡು, ಕೆಸರು. ನನ್ನ ದಾರಿ ಅದರ ಮಧ್ಯದಲ್ಲೇ ಎರಡಡಿ ಮಣ್ಣು ತುಂಬಿಸಿಕೊಂಡು ಹೋಗುತ್ತಿತ್ತು. ಮೀನು ಗುತ್ತಿಗೆ ಹಿಡಿದಿದ್ದ ಅಣ್ಣ ಒಬ್ಬರು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿದರು. "ಮೊದಲ ಮಳೆಗೆ ಮೀನು ಮೊಟ್ಟೆ ಇಡೋಕೆ ಈ ತೆಳು ನೀರಿಗೇ ಬರೋದು ಸಾರ್. ನೀವು ಇಲ್ಲಿ ಕಟ್ಟೆ ಹಾಕಿದ್ರೆ ಆ ಕಡೆದು ಆ ಕಡೆ, ಈ ಕಡೆದು ಈ ಕಡೆ" ಅಂದರು. ನೇರಳೆ ಜಂಬುಕೋಳಿ, ಹುಂಡುಕೋಳಿ ಎಲ್ಲ ಅಲ್ಲೇ ಇದ್ದವು. ಏರಿ ಕಡೆ ಒಂದೂ ಕಾಣಿಸುತ್ತಿರಲಿಲ್ಲ.

ಹಾಗಾಗಿ ಅಲ್ಲಿ 700 ಮೀಟರ್ ದಾರಿಯನ್ನೇ ಕೈಬಿಟ್ಟೆವು. ಮರದ ಸೇತುವೆ ಹಾಕಿ ಅಂತ ಕೆಲವರು ಹೇಳಿದರು. ಸೇತುವೆ ಹಾಕಿದರೆ ನೀರು ಹರಿಯುತ್ತದೆ ನಿಜ, ಆದರೆ ಜನ ದಿನವಿಡೀ ಜೊಂಡಿನ ಮೇಲೇ ಓಡಾಡುತ್ತಿದ್ದರೆ ಹಕ್ಕಿಗೆ ಏನು ಉಳಿಯಿತು?

ದೊಡ್ಡ ವಿರೋಧ ಬಂದದ್ದೇ ಇದಕ್ಕೆ. ಬೆಳಗಿನ ವಾಕಿಂಗ್‌ನವರಿಗೆ ರೌಂಡ್ ಪೂರ್ತಿ ಆಗಬೇಕು. "ಅರ್ಧ ಹೋಗಿ ವಾಪಸ್ ಬರೋದು ಅಂದ್ರೆ ಏನ್ ವಾಕಿಂಗ್ ರೀ ಅದು" ಅಂತ ಒಬ್ಬ ಹಿರಿಯರು ಸಭೆಯಲ್ಲೇ ಬೈದರು. ಉಳಿದ ದಾರಿ 1.6 ಕಿಲೋಮೀಟರ್. ಹೋಗಿ ಬಂದರೆ 3.2 ಆಗುತ್ತದೆ, ಹಳೆಯ ಒಂದು ಸುತ್ತಿಗಿಂತ ಜಾಸ್ತಿ. ಲೆಕ್ಕ ಹೇಳಿದ ಮೇಲೆ ಕೆಲವರು ಒಪ್ಪಿದರು. ಇನ್ನು ಕೆಲವರು ಇವತ್ತಿಗೂ ಒಪ್ಪಿಲ್ಲ, ಅವರು ಹಳ್ಳಿ ರಸ್ತೆ ಬಳಸಿಕೊಂಡು ಅರಳಿಕಟ್ಟೆ ಮೇಲಿಂದ ಸುತ್ತು ಮುಗಿಸುತ್ತಾರೆ.

ಸೈಕಲ್ಲನ್ನು ಬೇರೆ ಮಾಡಿದೆವು. ಟೈಲ್ಸ್ ಬಿಟ್ಟು ಮಣ್ಣಿನ ದಾರಿಯೇ ಸಾಕು ಅಂದುಕೊಂಡಿದ್ದೆವು, ಕಾರಣ ಮುಂದೆ ಹೇಳುತ್ತೇನೆ. ಅದರ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಚಕ್ರದ ಗೀರು ಬೀಳುತ್ತದೆ, ಮಳೆ ನೀರು ಅದೇ ಗೀರು ಹಿಡಿದು ಕೊರೆಯುತ್ತದೆ. ನೀರೊಳ್ಳೆ ಹಾವುಗಳು ಸಂಜೆ ಬೆಚ್ಚಗಿನ ದಾರಿ ಮೇಲೆ ಬಂದು ಮಲಗುವುದೂ ಉಂಟು. ಅದಕ್ಕೆ ಸೈಕಲ್‌ನವರಿಗೆ ಕೆರೆ ಏರಿಯ ಮೇಲೆ ಮತ್ತು ಹೊರಗಿನ ಹಳೆ ಗಾಡಿ ದಾರಿಯಲ್ಲಿ ಮಾತ್ರ ಅವಕಾಶ. ಏರಿ ಹೇಗೂ ಗಟ್ಟಿ ಮಣ್ಣು. ಅಲ್ಲಿ ನೆರಳಿಗೆ ಅಂತ ದೊಡ್ಡ ಮರ ನೆಡಬೇಡಿ, ಬೇರು ಸತ್ತು ಕೊಳೆತ ಜಾಗದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ.

ಏರಿ ಬಿಟ್ಟು ಉಳಿದ ಒಳದಾರಿ ನಡೆಯುವವರಿಗೆ ಮಾತ್ರ ಆದಮೇಲೆ 3 ಮೀಟರ್ ಅಗಲ ಯಾಕೆ ಬೇಕು? ಇಂಡಿಯನ್ ರೋಡ್ಸ್ ಕಾಂಗ್ರೆಸ್ ಫುಟ್‌ಪಾತಿಗೆ ಹೇಳುವ ಕನಿಷ್ಠ 1.8 ಮೀಟರ್‌ಗೆ ಇಳಿಸಿದೆ.

ಟೈಲ್ಸ್ ಬಿಡಲು ಕಾರಣ ಹೊಂಗೆ ಮರಗಳು. ಟೈಲ್ಸ್ ಹಾಕಲು ಒಂದಡಿ ಅಗೆಯಬೇಕು. ಒಂದು ಮರದ ಹತ್ತಿರ ಗುದ್ದಲಿ ಇಲ್ಲದೆ ಕೈಯಲ್ಲೇ ಮಣ್ಣು ಕೆದಕಿ ನೋಡಿದೆ. ಒಂದು ಗೇಣಿನೊಳಗೇ ಕೂದಲಿನಂಥ ಬೇರುಗಳು ಬಲೆಯ ಹಾಗೆ ಹಬ್ಬಿದ್ದವು. ಮರ ನೀರು ಕುಡಿಯೋದು ಜಾಸ್ತಿ ಅವುಗಳಿಂದಲೇ. ಅಗೆದರೆ ಮರ ತಕ್ಷಣ ಸಾಯುವುದಿಲ್ಲ, ನಾಲ್ಕೈದು ವರ್ಷ ಒಣಗುತ್ತಾ ಹೋಗುತ್ತದೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ನಾವು ಅಗೆಯಲೇ ಇಲ್ಲ. ಎಲೆ ಗುಡಿಸಿ, ನೆಲದ ಮೇಲೇ ಜಲ್ಲಿ ಹರಡಿ, ಮೇಲೆ ಮೊರಂ, ಅಂದರೆ ಸಣ್ಣ ಕಲ್ಲು ಬೆರೆತ ಗರಸು ಮಣ್ಣು, ಹಾಕಿ, ನೀರು ಚಿಮುಕಿಸಿ ಕೈ ರೋಲರ್ ಎಳೆದೆವು. ದೊಡ್ಡ ರೋಲರ್ ಒಳಗೆ ಬಿಡಲಿಲ್ಲ. ನಾನು ಮೈಸೂರಲ್ಲಿ ಓದುವಾಗ ಕುಕ್ಕರಹಳ್ಳಿ ಕೆರೆಯ ಮಣ್ಣಿನ ದಾರಿಯಲ್ಲೇ ದಿನಾ ನಡೆದವನು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಕೆರೆ ಅದು. ಮಣ್ಣು ಸಾಕು ಅನ್ನೋ ಧೈರ್ಯ ನನಗೆ ಅಲ್ಲಿಂದಲೇ ಬಂತು.

ಒಂದು ಮಾತು. ಮೊರಂ ನೀರು ಕುಡಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಎಣ್ಣೆ ಡಬ್ಬದ ತಳ ಕತ್ತರಿಸಿ, ನೆಲಕ್ಕೆ ಒತ್ತಿ, ನೀರು ಹಾಕಿ ನೋಡಿದೆ. ರೋಲರ್ ಎಳೆದ ಮೊರಂನಲ್ಲಿ ನೀರು ಇಳಿಯೋದು ತುಂಬಾ ನಿಧಾನ. ಪಕ್ಕದ ಹುಲ್ಲಿನಲ್ಲಿ ಹಾಕಿದ ನೀರು ನೋಡನೋಡುತ್ತಲೇ ಇಳಿಯಿತು. ಅಂದರೆ ಕೆಲಸ ಮಾಡೋದು ಅಂಚಿನ ಹುಲ್ಲು. ಅದಕ್ಕೆ ದಾರಿ ಕಿರಿದಾಗಿಸಿ, ಮೀಟರಿಗೆ ಎರಡೂವರೆ ಸೆಂಟಿಮೀಟರ್ ಓರೆ ಕೊಟ್ಟು, ನೀರು ಹುಲ್ಲಿಗೆ ಹೋಗುವ ಹಾಗೆ ಮಾಡಿದೆವು. ಕಲ್ಲಿನ ಕರ್ಬ್ ಹಾಕಿದ್ದರೆ ನೀರು ಹುಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ.

ಮೊದಲ ಮಳೆಗಾಲದಲ್ಲಿ ಒಂದು ಕಡೆ ಹನ್ನೆರಡು ಮೀಟರ್ ಕೊಚ್ಚಿ ಹೋಯಿತು. ಮೇಲಿನ ಲೇಔಟ್‌ನ ಚರಂಡಿ ನೀರು ಅಲ್ಲಿಗೆ ನುಗ್ಗುತ್ತಿತ್ತು. ಪೈಪ್ ಹಾಕಿದ್ದರೆ ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತಿತ್ತು. ಅದಕ್ಕೆ ದಾರಿಯನ್ನೇ ಅಲ್ಲಿ ತಗ್ಗು ಮಾಡಿ ಸೈಜುಗಲ್ಲು ಹಾಸಿದೆವು. ಮಳೆ ಬಂದಾಗ ನೀರು ಕಲ್ಲಿನ ಮೇಲೆ ಹಾದು ಹೋಗುತ್ತದೆ, ಅರ್ಧ ಗಂಟೆ ಕಾಯಬೇಕು ಅಷ್ಟೇ.

ಲೈಟಿನ ವಿಷಯದಲ್ಲಿ ನನ್ನ ಮೊದಲ ನಿರ್ಧಾರ ತಪ್ಪಿತ್ತು. ಪೂರ್ತಿ ಬೇಡ ಅಂದಿದ್ದೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಏರಿ ಮೇಲೆ ಮನೆಗೆ ನಡೆದು ಹೋಗುವ ಹೆಣ್ಣುಮಕ್ಕಳು "ಕತ್ತಲಲ್ಲಿ ನಾವು ಹೆಂಗೆ ಹೋಗೋದು ಅಣ್ಣ" ಅಂತ ಕೇಳಿದರು. ಅವರು ಕೇಳಿದ್ದು ನ್ಯಾಯ. ಈಗ ಏರಿ ಮೇಲೆ ಮೊಣಕಾಲೆತ್ತರದ ಹಳದಿ ದೀಪಗಳಿವೆ, ಬೆಳಕು ಕೆಳಗೆ ಮಾತ್ರ ಬೀಳುತ್ತದೆ. ಒಳದಾರಿಯಲ್ಲಿ ಒಂದೂ ಇಲ್ಲ, ಕತ್ತಲಾದ ಮೇಲೆ ಅದರ ಗೇಟು ಹಾಕುತ್ತಾರೆ.

ಪ್ರತಿ ವರ್ಷ ಮುಂಗಾರಿಗೆ ಮುಂಚೆ ಎರಡು ಲೋಡು ಮೊರಂ ಹಾಕಲೇಬೇಕು, ಇದನ್ನು ಅಂದಾಜು ಪಟ್ಟಿಯಲ್ಲಿ ಮೊದಲೇ ಬರೆಸಿಡಿ. ನಾವು ಬರೆಸಿರಲಿಲ್ಲ, ಪ್ರತಿ ಸಲ ದುಡ್ಡಿಗೆ ಅಲೆದಾಟ. ಹೋದ ತಿಂಗಳು ಜೊಂಡಿನ ಅಂಚಿನಲ್ಲಿ ಸೈಕಲ್ ಚಕ್ರದ ಗುರುತು ಕಂಡಿತು, ಯಾರೋ ಅಡ್ಡದಾರಿ ಹುಡುಕಿದ್ದಾರೆ. ಅಲ್ಲಿ ಕಾರೆ ಮುಳ್ಳಿನ ಗಿಡ ನೆಟ್ಟು ಬಂದಿದ್ದೇವೆ. ಚಿಗುರಿವೆ.