11 ಫೋಟಾನ್‌ಗಳ ಬೆನ್ನು ಹತ್ತಿ

ಕಲಬುರಗಿಯ ನಮ್ಮ ಮನೆಯಲ್ಲಿ ದೂರದರ್ಶಕ ಇಲ್ಲ, ಲ್ಯಾಪ್‌ಟಾಪ್ ಇದೆ. ನನ್ನ ಕೆಲಸಕ್ಕೆ ಅಷ್ಟು ಸಾಕು. ಎಕ್ಸ್-ರೇ ನಮ್ಮ ಗಾಳಿ ದಾಟಿ ನೆಲಕ್ಕೆ ಬರುವುದೇ ಇಲ್ಲ, ಅಲ್ವಾ? 1999ರಲ್ಲಿ ನಾಸಾ ಹಾರಿಸಿದ ಚಂದ್ರಾ ಎಕ್ಸ್-ರೇ ದೂರದರ್ಶಕ ಮೇಲಿಂದ ನೋಡಿ ಕಳಿಸಿದ ಹಳೆಯ ಡೇಟಾವನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು.

ನಾನು ಹುಡುಕಿದ್ದು ಕಪ್ಪುಕುಳಿಗಳನ್ನು, ಅದೂ ಚಿಕ್ಕ ಗ್ಯಾಲಕ್ಸಿಗಳಲ್ಲಿ. ಕಪ್ಪುಕುಳಿಗೆ ಬೀಳುವ ಅನಿಲ ಕಾದು ಎಕ್ಸ್-ರೇ ಸೂಸುತ್ತದೆ. ನಮ್ಮ ಹಾಲುಹಾದಿಯ ನಡುವಿನ ಕಪ್ಪುಕುಳಿ ಸುಮಾರು 40 ಲಕ್ಷ ಸೂರ್ಯರಷ್ಟು ತೂಗುತ್ತದೆ. ಶುರುವಿನಲ್ಲಿ ಅದು ಎಷ್ಟಿತ್ತು? ಚಿಕ್ಕ ಗ್ಯಾಲಕ್ಸಿಗಳು ಬೇರೆಯವನ್ನು ನುಂಗಿ ಜಾಸ್ತಿ ಬೆಳೆದಿರುವುದಿಲ್ಲ. ಅವುಗಳ ಕಪ್ಪುಕುಳಿ ಇನ್ನೂ ಶುರುವಿನ, ಅಂದರೆ ಬೀಜದ ಗಾತ್ರಕ್ಕೆ ಹತ್ತಿರ ಇರಬಹುದು. 2011ರಲ್ಲಿ ಖಗೋಳ ವಿಜ್ಞಾನಿ ಏಮಿ ರೈನ್ಸ್ ಮತ್ತು ಜೊತೆಯವರು ಹೆನೈಜ್ 2-10 ಎಂಬ ಚಿಕ್ಕ ಗ್ಯಾಲಕ್ಸಿಯಲ್ಲಿ ಅಂಥದ್ದೊಂದರ ಸುಳಿವು ತೋರಿಸಿದ್ದರು. ಅದನ್ನು ಓದಿದ ಮೇಲೆ ನನಗೂ ಹುಚ್ಚು ಹಿಡಿಯಿತು.

ಚಂದ್ರಾ ಕಳಿಸುವುದು ಫೋಟೊ ಅಲ್ಲ, ಒಂದು ಪಟ್ಟಿ. ಒಂದೊಂದು ಫೋಟಾನ್‌ಗೆ, ಅಂದರೆ ಬೆಳಕಿನ ಕಣಕ್ಕೆ, ಒಂದೊಂದು ಸಾಲು: ಯಾವಾಗ ಬಂತು, ಎಲ್ಲಿ ಬಿತ್ತು, ಎಷ್ಟು ಶಕ್ತಿ. ಮೊದಲು 0.5ರಿಂದ 7 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಒಳಗಿನವನ್ನಷ್ಟೇ ಇಟ್ಟುಕೊಂಡೆ. ಆಮೇಲೆ ವೇವ್‌ಡಿಟೆಕ್ಟ್ ಎಂಬ ಪ್ರೋಗ್ರಾಂ ಓಡಿಸಿ ಚುಕ್ಕೆ ಹುಡುಕಿದೆ. ಪಕ್ಕದಲ್ಲಿ ಅವ್ವ ತೊಗರಿಬೇಳೆ ಹಸನು ಮಾಡುತ್ತಾ ಕೂತಿದ್ದಳು. "ಏನ್ ಹುಡುಕ್ಲಕತ್ತಿಯಪ್ಪಾ ಇಷ್ಟೊತ್ತು?" ಅಂದಳು. ನಿನ್ನ ಕೆಲಸವೇ ಅಂದೆ. ಕಲ್ಲು ಯಾವುದು, ಬೇಳೆ ಯಾವುದು, ಅಷ್ಟೇ.

ಸುಮಾರು 10 ತಾಸು ನೋಡಿದ ಡೇಟಾದಲ್ಲಿ, ಗ್ಯಾಲಕ್ಸಿಯ ನಡುಭಾಗದ ಹತ್ತಿರ 11 ಫೋಟಾನ್ ಗುಂಪಾಗಿ ಬಿದ್ದಿದ್ದವು. ಸುತ್ತಲಿನ ಖಾಲಿ ಜಾಗ ಅಳೆದರೆ, ಅಷ್ಟೇ ದೊಡ್ಡ ವೃತ್ತದಲ್ಲಿ ಸುಮ್ನೆ ಬೀಳುವುದು ಒಂದಕ್ಕಿಂತ ಕಡಿಮೆ. ಚುಕ್ಕೆ ನಿಜ! ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ತಪ್ಪಿದ್ದು ಜಾಗದಲ್ಲಿ. ಚಂದ್ರಾ ಹೇಳುವ ಜಾಗ ಸುಮಾರು 1 ಆರ್ಕ್‌ಸೆಕೆಂಡಿನಷ್ಟು (ಒಂದು ಡಿಗ್ರಿಯ 3600ನೇ ಒಂದು ಭಾಗ) ಅತ್ತಿತ್ತ ಆಗಬಹುದು. ಅದನ್ನು ಸರಿಪಡಿಸದೆ ಕುಣಿದುಬಿಟ್ಟಿದ್ದೆ. ಉಳಿದ ಎಕ್ಸ್-ರೇ ಚುಕ್ಕೆಗಳನ್ನು ಗಯಾ ದೂರದರ್ಶಕದ ನಕ್ಷತ್ರಪಟ್ಟಿಗೆ ಹೊಂದಿಸಿ ಇಡೀ ಚಿತ್ರ ಸ್ವಲ್ಪ ಸರಿಸಿದೆ. ನನ್ನ ಚುಕ್ಕೆ ಹೋಗಿ ಗ್ಯಾಲಕ್ಸಿಯ ಮಾಮೂಲಿ ಫೋಟೊದಲ್ಲಿ ಕಾಣುವ ಒಂದು ಕೆಂಪನೆಯ ಕಾಳಿನ ಮೇಲೆ ಕೂತಿತು. ಅದು ಗ್ಯಾಲಕ್ಸಿಯದೇ ತುಣುಕು ಅಂದುಕೊಂಡಿದ್ದೆ. ಆಕಾಶ ಸರ್ವೆಯೊಂದರ ರೋಹಿತ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು) ತೆಗೆದು ನೋಡಿದರೆ, ಎಷ್ಟೋ ಹಿಂದೆ ಇರುವ ಕ್ವೇಸಾರ್, ಅಂದರೆ ದೂರದ ಬೇರೊಂದು ಗ್ಯಾಲಕ್ಸಿಯ ಪ್ರಖರ ನಡುಭಾಗ.

ಕಣ್ಣಲ್ಲಿ ನೀರು ಬಂತು ಅಂದರೆ ಸುಳ್ಳಲ್ಲ. ಆದರೆ ಅವತ್ತಿನಿಂದ ಮೊದಲು ಜಾಗ ಸರಿಪಡಿಸದೆ ಫೋಟಾನ್ ಎಣಿಸುವುದಿಲ್ಲ.

ಕ್ವೇಸಾರ್ ಅಲ್ಲ ಅಂತಾದರೂ ಇನ್ನೊಂದು ಅನುಮಾನ ಉಳಿಯುತ್ತದೆ: ಜೋಡಿ ನಕ್ಷತ್ರ. ಸತ್ತ ನಕ್ಷತ್ರವೊಂದು ಪಕ್ಕದ ನಕ್ಷತ್ರದಿಂದ ಅನಿಲ ಎಳೆದುಕೊಂಡು ಉರಿಯುವುದು. ಭಾರದ ಧಾತು ಕಡಿಮೆ ಇದ್ದು, ಹೊಸ ನಕ್ಷತ್ರ ಹುಟ್ಟುತ್ತಿರುವ ಚಿಕ್ಕ ಗ್ಯಾಲಕ್ಸಿಗಳಲ್ಲಿ ಇಂಥ ಪ್ರಖರ ಜೋಡಿ ಜಾಸ್ತಿ. ನಡುವಿನಲ್ಲಿಲ್ಲ ಅಂತ ಕೈಬಿಡುವ ಹಾಗೂ ಇಲ್ಲ. ಚಿಕ್ಕ ಗ್ಯಾಲಕ್ಸಿಯ ಕಪ್ಪುಕುಳಿ ಅಂಚಿನಲ್ಲೂ ಅಲೆಯಬಹುದು.

ಎರಡನೇ ಗ್ಯಾಲಕ್ಸಿಯಲ್ಲಿ 7 ಫೋಟಾನ್ ಸಿಕ್ಕವು. ಜಾಗ ಸರಿಸಿದ ಮೇಲೂ ಅಲ್ಲೇ ನಿಂತವು, ಹಿಂದೆ ಯಾವ ಕಾಳೂ ಕಾಣಲಿಲ್ಲ. ರೇಡಿಯೊ ನಕ್ಷೆ ತೆರೆದೆ. ದೊಡ್ಡ ಕಪ್ಪುಕುಳಿಯಾದರೆ ಅಲ್ಲೂ ಹೊಳೆಯುವ ಸಾಧ್ಯತೆ ಜಾಸ್ತಿ. ಆ ಜಾಗ ಖಾಲಿ ಇತ್ತು. ಪಟ್ಟಿಯಲ್ಲಿ ಅದರ ಮುಂದೆ "ಬಹುಶಃ ಜೋಡಿ ನಕ್ಷತ್ರ" ಅಂತ ಬರೆದು, ಮೂರನೆಯದನ್ನು ಇಳಿಸಲು ಹಾಕಿದ್ದೇನೆ.