ಅರೇಬಿಕ್ ಎರಡನೆಯ ಹಂತ: ಹರಕತ್ ಇಲ್ಲದ ಪುಟವನ್ನು ಓದುವುದು ಹೇಗೆ?

ಪದವಿ ತರಗತಿಯಲ್ಲಿ ಅರೇಬಿಕ್ ತೆಗೆದುಕೊಂಡವರಿಗೆ ಮೊದಲ ಹಂತ ಅಷ್ಟೇನೂ ಕಷ್ಟವಲ್ಲ. ಇರುವುದು 28 ಅಕ್ಷರ, ಬರೆಯುವುದು ಬಲದಿಂದ ಎಡಕ್ಕೆ. ಅಕ್ಷರದ ಮೇಲೆ, ಕೆಳಗೆ ಹರಕತ್ ಎಂಬ ಹ್ರಸ್ವಸ್ವರದ ಗುರುತುಗಳು ಇರುವುದರಿಂದ ಉಚ್ಚಾರಣೆಗೂ ತೊಂದರೆಯಿಲ್ಲ. ಮುಂದಿನ ಹಂತದಲ್ಲಿ ಈ ಗುರುತುಗಳು ಮಾಯವಾಗುತ್ತವೆ. ಅರಬ್ ಪತ್ರಿಕೆ, ಕಥೆ, ಪ್ರಕಟಣೆ ಯಾವುದರಲ್ಲೂ ಅವನ್ನು ಸಾಮಾನ್ಯವಾಗಿ ಹಾಕುವುದಿಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಅರೇಬಿಕ್ ಕಲಿಯುವವರು ಎರಡು ಬಗೆ. ಬಾಲ್ಯದಿಂದ ಕುರಾನ್ ಓದಿಕೊಂಡು ಬಂದವರು ಸರಾಗವಾಗಿ ಓದುತ್ತಾರೆ, ಅರ್ಥಕ್ಕೆ ತಡವರಿಸುತ್ತಾರೆ. ಕಾಲೇಜಿನಲ್ಲಿಯೇ ಅಲಿಫ್ ತಿದ್ದಿದವರು ಅರ್ಥ ಹೇಳುತ್ತಾರೆ, ಓದಲು ಒದ್ದಾಡುತ್ತಾರೆ. ಕುರಾನ್ ಪ್ರತಿಗಳಲ್ಲಿ ಹರಕತ್ ಪೂರ್ತಿ ಇರುವುದರಿಂದ, ಅದಿಲ್ಲದ ಪುಟ ಎದುರಾದ ದಿನ ಇಬ್ಬರದೂ ಒಂದೇ ಪಾಡು. ಮೀಮ್, ದಾಲ್, ರಾ, ಸೀನ್, ಕೊನೆಗೆ ತಾ ಮರ್ಬೂತಾ (ಪದದ ಕೊನೆಗೆ ಬರುವ ಸ್ತ್ರೀಲಿಂಗದ ತಾ): ಈ ಐದನ್ನು ‘ಮದ್ರಸಾ’ ಎಂದು ಓದಿದರೆ ಶಾಲೆ, ‘ಮುದರ್ರಿಸಾ’ ಎಂದು ಓದಿದರೆ ಶಿಕ್ಷಕಿ. ಹಿಂದೆ ‘ಬಂದಳು’ ಎಂಬ ಕ್ರಿಯಾಪದವಿದ್ದರೆ ಶಾಲೆ ಎದ್ದು ಬರುವಂತಿಲ್ಲವಷ್ಟೆ.

ಮೊದಲು ಅಚ್ಚು ಹಿಡಿಯಿರಿ

ಹೆಚ್ಚಿನವರು ಇಲ್ಲಿ ಪದಗಳ ಉದ್ದನೆಯ ಪಟ್ಟಿ ಬರೆದು ಉರು ಹೊಡೆಯಲು ಕೂರುತ್ತಾರೆ. ಆ ಶ್ರಮಕ್ಕೆ ತಕ್ಕ ಫಲವಿಲ್ಲ. ಅರೇಬಿಕ್ ಪದಗಳ ತಿರುಳು ಸಾಮಾನ್ಯವಾಗಿ ಮೂರು ವ್ಯಂಜನಗಳು. ಅವು ವಜ್ನ್ ಎಂಬ ಅಚ್ಚಿಗೆ ಬಿದ್ದು ಪದವಾಗುತ್ತವೆ. ಅಚ್ಚು ಗುರುತು ಸಿಕ್ಕರೆ ಕಾಣದ ಸ್ವರಗಳೂ ಸಿಗುತ್ತವೆ. ಹತ್ತಿಪ್ಪತ್ತು ಅಚ್ಚುಗಳು ನಾಲಿಗೆಗೆ ಬಂದರೆ ನೂರಾರು ಪದಗಳನ್ನು ಊಹಿಸಬಹುದು.

ಅಚ್ಚುಗಳ ಮಾದರಿಗೆ ದೂರ ಹೋಗಬೇಕಾಗಿಲ್ಲ. ನಮ್ಮ ಭಾಗದ ಕಚೇರಿ ಕನ್ನಡದಲ್ಲಿಯೇ ಅವು ಬೇಕಾದಷ್ಟಿವೆ. ನೋಟ್‌ಬುಕ್ಕಿನ ಒಂದು ಪುಟಕ್ಕೆ ‘ತಫ್ಈಲ್’ ಎಂದು ತಲೆಬರಹ ಕೊಡಿ. (ಅಚ್ಚಿನ ಹೆಸರಿನಲ್ಲಿ ಫಾ, ಐನ್, ಲಾಮ್ ಇರುವ ಕಡೆ ಪದದ ಮೂರು ವ್ಯಂಜನಗಳು ಬಂದು ಕೂರುತ್ತವೆ.) ಅದರ ಕೆಳಗೆ ತಹಸೀಲು, ತಪಶೀಲು, ತಾರೀಖು, ತಾಲೀಮು ಎಂದು ಬರೆಯಿರಿ. ನಾಲ್ಕೂ ಒಂದೇ ಅಚ್ಚಿನವು. ಗರಡಿಯಲ್ಲಿ ಮಾಡುವ ತಾಲೀಮು ಅರೇಬಿಕ್‌ನಲ್ಲಿ ‘ತಅಲೀಮ್’, ಅಂದರೆ ಶಿಕ್ಷಣ. ಎರಡನೆಯ ಪುಟ ‘ಮಫ್ಊಲ್’: ಮಹಸೂಲು, ಮಾಮೂಲು. (ಕೈಬಿಸಿ ಮಾಡುವ ಮಾಮೂಲಿನ ಅರ್ಥ ಅಲ್ಲಿಯ ನಿಘಂಟಿನಲ್ಲಿ ಹುಡುಕಬೇಡಿ.) ಮೂರನೆಯದು ‘ಮುಫಾಅಲಾ’. ನಮ್ಮ ಅಜ್ಜಂದಿರು ಹೇಳುತ್ತಿದ್ದ ಮಾಮಲೇದಾರ ಎಂಬುದರ ಮೊದಲ ಭಾಗ ‘ಮುಆಮಲಾ’ ಈ ಅಚ್ಚಿನದು. ವಿಶ್ವವಿದ್ಯಾಲಯದ ಉಪನ್ಯಾಸಕ್ಕೆ ಅರಬರು ಹೇಳುವ ‘ಮುಹಾದರಾ’ ಕೂಡ ಇದೇ ಅಚ್ಚಿನದು. ಹೊಸ ಪದ ಸಿಕ್ಕಾಗಲೆಲ್ಲ ಅದರ ಪುಟಕ್ಕೆ ಸೇರಿಸುತ್ತ ಹೋಗಿ.

ನಿಘಂಟು ತೆರೆಯುವ ಕ್ರಮ

‘ಮುಹಾದರಾ’ವನ್ನು ಮೀಮ್ ಅಕ್ಷರದಲ್ಲಿ ಹುಡುಕಿ ಸಿಗಲಿಲ್ಲ ಎನ್ನುವವರು ಬಹಳ. ಹಾನ್ಸ್ ವೇರ್ ಅವರ ಅರೇಬಿಕ್-ಇಂಗ್ಲಿಷ್ ನಿಘಂಟಿನಲ್ಲಿ ಪದಗಳು ಮೂಲಧಾತುವಿನ, ಅಂದರೆ ತಿರುಳಿನ ಆ ಮೂರು ವ್ಯಂಜನಗಳ ಅಡಿಯಲ್ಲಿವೆ. ಆದ್ದರಿಂದ ಮುಂದಿನ ‘ಮು’ವನ್ನು ಕಳಚಿ ಹಾ, ದಾದ್, ರಾ ಧಾತುವಿಗೆ ಹೋಗಬೇಕು. ಅಲ್ಲಿ ನಮ್ಮ ಹಾಜರಿ, ಮಹಜರು, ಹುಜೂರುಗಳ ಮೂಲರೂಪಗಳೂ ಸಾಲಾಗಿ ಸಿಗುತ್ತವೆ.

ಉರ್ದು ಬಲ್ಲವರು ಇಲ್ಲಿ ಎಚ್ಚರವಾಗಿರಬೇಕು. ಜಾಲ್, ಜೇ, ಜ್ವಾದ್ (ಅರಬರ ದಾದ್), ಜ್ವೋಯ್ ಈ ನಾಲ್ಕನ್ನೂ ಉರ್ದುವಿನಲ್ಲಿ ಒಂದೇ ಥರ ಉಚ್ಚರಿಸುತ್ತಾರೆ. ಅರೇಬಿಕ್‌ನಲ್ಲಿ ನಾಲ್ಕಕ್ಕೂ ಬೇರೆ ಬೇರೆ ದನಿ, ನಿಘಂಟಿನಲ್ಲಿ ಬೇರೆ ಬೇರೆ ಪುಟ. ಮೊಬೈಲ್‌ನಲ್ಲಿ ಹುಡುಕುವಾಗಲೂ ಅರೇಬಿಕ್ ಕೀಬೋರ್ಡನ್ನೇ ಹಾಕಿಕೊಳ್ಳಿ. ಉರ್ದು ಕೀಬೋರ್ಡಿನ ಕಾಫ್ ಮತ್ತು ಯಾ ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಆದರೆ ಯಂತ್ರಕ್ಕೆ ಅವು ಬೇರೆ ಅಕ್ಷರಗಳು. ಪದ ಸರಿಯಾಗಿದ್ದರೂ ‘ಫಲಿತಾಂಶವಿಲ್ಲ’ ಎಂದು ಬಂದರೆ ಹಲವು ಸಲ ಕಾರಣ ಇದೇ.

ದಿನಕ್ಕೆ ಐದು ಸಾಲು, ಪೆನ್ಸಿಲಿನಲ್ಲಿ

ಮೊದಲ ವರ್ಷ ಓದಿದ ಪಾಠವನ್ನೇ ತೆಗೆದುಕೊಳ್ಳಿ. ಐದು ಸಾಲುಗಳನ್ನು ಹರಕತ್ ಬಿಟ್ಟು ನಕಲು ಮಾಡಿ ಎರಡು ದಿನ ಬದಿಗಿಡಿ. ಆಮೇಲೆ ಪೆನ್ಸಿಲಿನಲ್ಲಿ ಗುರುತುಗಳನ್ನು ತುಂಬಿಸಿ ಪುಸ್ತಕದೊಂದಿಗೆ ತಾಳೆ ನೋಡಿ. ಇದಕ್ಕೆ ತಶ್ಕೀಲ್ ಎನ್ನುತ್ತಾರೆ. ಇದೂ ತಫ್ಈಲ್ ಅಚ್ಚಿನದೇ. ಕೈ ಕುದುರಿದ ಮೇಲೆ ಸಣ್ಣ ಸುದ್ದಿಗಳಿಗೆ ಬನ್ನಿ.

ತಪ್ಪು ಹೆಚ್ಚಾಗಿ ಬೀಳುವುದು ಪದದ ಕೊನೆಯಲ್ಲಿ, ಏಕೆಂದರೆ ವಿಭಕ್ತಿ ಇರುವುದು ಅಲ್ಲಿ. ಕರ್ತೃವಿಗೆ ‘ಉ’, ಕರ್ಮಕ್ಕೆ ‘ಅ’, ಷಷ್ಠಿಗೂ ಉಪಸರ್ಗದ (ನಾಮಪದದ ಮುಂಚೆ ಬರುವ ‘ಅಲ್ಲಿ’, ‘ಇಂದ’ ಎಂಬರ್ಥದ ಪದದ) ನಂತರವೂ ‘ಇ’. ಕನ್ನಡದ ಏಳು ವಿಭಕ್ತಿ ಬಾಯಿಪಾಠ ಮಾಡಿದವರಿಗೆ ಮೂರೇನು ದೊಡ್ಡದಲ್ಲ. ತೊಡಕೆಂದರೆ ಹರಕತ್ ಇಲ್ಲದ ಪುಟದಲ್ಲಿ ಈ ಮೂರೂ ಬಹುತೇಕ ಕಾಣುವುದಿಲ್ಲ. ಕಾಣುವ ಕಡೆ ಬಿಡಬೇಡಿ. ‘ಮುದರ್ರಿಸೂನ್’ ಎಂದಿದ್ದರೆ ಶಿಕ್ಷಕರು ಕರ್ತೃ, ‘ಮುದರ್ರಿಸೀನ್’ ಎಂದಿದ್ದರೆ ಅಲ್ಲ. ಅದೇ ಕಾಗುಣಿತದಲ್ಲಿ ‘ಮುದರ್ರಿಸೈನ್’ ಎಂಬ ದ್ವಿವಚನವೂ ಅಡಗಿರಬಹುದು. ಇಬ್ಬರೋ ಹಲವರೋ ಎಂಬುದನ್ನು ಸುತ್ತಲಿನ ವಾಕ್ಯದಿಂದಲೇ ತಿಳಿಯಬೇಕು.

ಕಿವಿಗೆ ಏನು ಹಾಕಬೇಕು

ಪರೀಕ್ಷೆಗೆ ಬರುವುದು ಫುಸ್‌ಹಾ, ಅಂದರೆ ಗ್ರಂಥಸ್ಥ ಅರೇಬಿಕ್. ಕೊಲ್ಲಿ ದೇಶದಿಂದ ಬಂದ ಚಿಕ್ಕಪ್ಪ ಕಲಿಸುವ ‘ಶ್ಲೋನಕ್’ (ಹೇಗಿದ್ದೀಯ?) ಅಲ್ಲಿಯ ಆಡುನುಡಿ. ಉತ್ತರಪತ್ರಿಕೆಯಲ್ಲಿ ‘ಕೈಫ ಹಾಲುಕ’ ಎಂದೇ ಬರೆಯಬೇಕು. ಧಾರವಾಡದ ಮಾತಿಗೂ ಅಚ್ಚಾದ ಕನ್ನಡಕ್ಕೂ ಇರುವ ಅಂತರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಬಿಸಿ ಅರೇಬಿಕ್ ರೇಡಿಯೊ ಕೇಳಿ ಎಂದು ಹಳೆಯ ಮಾಸ್ತರರು ಹೇಳಿದರೆ ಕೇಳಲು ಆಗದು. 1938ರಲ್ಲಿ ಶುರುವಾದ ಆ ರೇಡಿಯೊ ಸೇವೆ 2023ರ ಜನವರಿಯಲ್ಲಿ ನಿಂತಿದೆ. ಅಲ್ ಜಜೀರಾದ ಅರೇಬಿಕ್ ವಾರ್ತೆ ಸಾಕು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಕೇಳಿ. ಮೊದಲ ಸಲ ಊರು, ದೇಶಗಳ ಹೆಸರು ಮಾತ್ರ ಹಿಡಿಯಿರಿ, ಆಮೇಲೆ ಕ್ರಿಯಾಪದಗಳು.

ಅಂಕ ಕಳೆಯುವ ಸಂಖ್ಯೆಗಳು

ಮೂರರಿಂದ ಹತ್ತರವರೆಗೆ ಲಿಂಗ ತಿರುವುಮುರುವು. ಪುಲ್ಲಿಂಗದ ಕಿತಾಬ್‌ಗೆ ಸ್ತ್ರೀಲಿಂಗದ ಸಂಖ್ಯೆ: ‘ಥಲಾಥತು ಕುತುಬ್’. ಸ್ತ್ರೀಲಿಂಗದ ಮದ್ರಸಾಕ್ಕೆ ‘ಥಲಾಥು ಮದಾರಿಸ್’. ಹತ್ತು ದಾಟಿದರೆ ನಾಮಪದ ಏಕವಚನಕ್ಕೆ ಇಳಿಯುತ್ತದೆ, ನಾವು ‘ಐವತ್ತು ರೂಪಾಯಿ’ ಎನ್ನುವಂತೆಯೇ. ಪರೀಕ್ಷೆಗೆ ಮುಂಚಿನ ವಾರ ಬಸ್ ಟಿಕೆಟ್ಟಿನ ದರ, ಕಿರಾಣಿ ಚೀಟಿಯ ಲೆಕ್ಕಗಳನ್ನು ಅಂಕಿಯಲ್ಲಲ್ಲ, ಅಕ್ಷರದಲ್ಲಿ ಬರೆದು ಮಾಸ್ತರರಿಗೆ ತೋರಿಸಿ.