ತುಕ್ಕು ತೆಗೆದೆ, ಸವಕಳಿ ಉಳಿಸಿಕೊಂಡೆ

ನಾನು ಮೊದಲು ಹಾಳು ಮಾಡಿದ್ದು ಒಂದು ಉಳಿಯನ್ನು. ಅಪ್ಪ ತೀರಿಕೊಂಡ ವರ್ಷ ಅವರ ಪೆಟ್ಟಿಗೆಯಲ್ಲಿದ್ದ ಮುಕ್ಕಾಲು ಇಂಚಿನ ಉಳಿಯ ಹಿಡಿಯನ್ನು 80ನೇ ನಂಬರಿನ ಮರಳು ಕಾಗದದಿಂದ ಉಜ್ಜಿ, ಎರಡು ಕೈ ವಾರ್ನಿಷ್ ಹೊಡೆದೆ. ಆಗಷ್ಟೇ ಅಂಗಡಿಯಿಂದ ತಂದಂತೆ ಹೊಳೆಯಿತು. ಮರುದಿನ ಕೆಲಸಕ್ಕೆ ಕುಳಿತಾಗ ಹೆಬ್ಬೆರಳಿಗೆ ತನ್ನ ಜಾಗ ಸಿಗಲಿಲ್ಲ. ಅಪ್ಪನ ಬೆರಳು ನಲವತ್ತು ವರ್ಷ ಕೂತು ಮಾಡಿದ್ದ ಸಣ್ಣ ತಗ್ಗನ್ನು ಹತ್ತು ನಿಮಿಷದಲ್ಲಿ ಅಳಿಸಿಬಿಟ್ಟಿದ್ದೆ. ಬೆವರಿದ ಕೈಗೆ ವಾರ್ನಿಷ್ ಅಂಟಂಟಾಗಿ ಅಂಗೈಯಲ್ಲಿ ಬೊಬ್ಬೆಯೂ ಎದ್ದಿತು.

ಹಾಗಾಗಿ ಅಪ್ಪನ ಕೀಸುಳಿಯನ್ನು, ಮರದ ಮೈ ಹೆರೆದು ನುಣುಪು ಮಾಡುವ ಹತ್ಯಾರವನ್ನು, ಆರು ತಿಂಗಳು ಮುಟ್ಟಲಿಲ್ಲ. ಅದು ಅಮೆರಿಕದ ಸ್ಟ್ಯಾನ್ಲಿ ಕಂಪನಿಯ 5ನೇ ನಂಬರಿನದು, ಉದ್ದ 14 ಇಂಚು. ಅಲಗಿನ ಪೀಠದ ಹಿಂದೆ ಮೂರು ಪೇಟೆಂಟ್ ದಿನಾಂಕಗಳು ಎರಕದಲ್ಲೇ ಮೂಡಿವೆ: 1902ರವು ಎರಡು, 1910ರದು ಒಂದು. 1910ರ ದಶಕದಲ್ಲಿ ತಯಾರಾದವುಗಳ ಗುರುತು ಅದು. ಹಿಡಿ ಬ್ರೆಜಿಲ್‌ನ ರೋಸ್‌ವುಡ್, ನಮ್ಮ ಬೀಟೆಯ ಕುಲದ್ದೇ ಮರ. ಒಳಮೈಗೆ ಜಪಾನಿಂಗ್ ಎಂಬ ಕಪ್ಪು ಲೇಪವಿದೆ. ಡಾಂಬರಿನ ಜಾತಿಯ ಅಸ್ಫಾಲ್ಟಮ್ಮನ್ನು ಅಗಸೆ ಎಣ್ಣೆ, ಟರ್ಪೆಂಟೈನ್‌ಗಳಲ್ಲಿ ಕರಗಿಸಿ ಬಳಿದು, ಕಾವಿನಲ್ಲಿ ಬೇಯಿಸಿ ಕೂರಿಸಿದ್ದು. ಅರ್ಧ ಉದುರಿದೆ, ನಿಜ. ಆದರೆ ಉಳಿದರ್ಧ ಇಂದಿಗೂ ಕಬ್ಬಿಣವನ್ನು ಕಾಯುತ್ತಿದೆ. ಅದನ್ನೂ ಕಿತ್ತು ಸ್ಪ್ರೇ ಪೇಂಟ್ ಹೊಡೆಯಲು ನನಗೆ ಮನಸ್ಸಾಗಲಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ಆಷಾಢದಲ್ಲಿ ಗೋಡೆಯೇ ಬೆವರುತ್ತದೆ, ಕಬ್ಬಿಣದ ಪಾಡು ಕೇಳಬೇಕೇ? ತಳದ ಮೇಲೆ ಕೆಂಪು ತುಕ್ಕು ಕೂತಿತ್ತು. ವಿನೆಗರ್‌ನಲ್ಲಿ ನೆನೆಹಾಕಿದರೆ ಅದು ಹೋಗುತ್ತದೆ, ಜೊತೆಗೆ ನೂರು ವರ್ಷದ ಕಂದು ಬಣ್ಣವೂ ಹೋಗಿ ಕಬ್ಬಿಣ ಬೂದಿ ಬಳಿದಂತೆ ಕಾಣುತ್ತದೆ. ನಾನು ಹಿಡಿದದ್ದು ಗಡ್ಡದ ಬ್ಲೇಡನ್ನು. ಹೊಲಿಗೆ ಯಂತ್ರದ ಎಣ್ಣೆ ಸವರಿ, ಬ್ಲೇಡನ್ನು ಬಹುತೇಕ ಮಲಗಿಸಿಯೇ ಮೆಲ್ಲಗೆ ತಳ್ಳುತ್ತಾ ಹೋದೆ. ಉಬ್ಬಿದ ತುಕ್ಕು ಮಾತ್ರ ಕಿತ್ತಳೆ ಬಣ್ಣದ ಕೆಸರಾಗಿ ಬ್ಲೇಡಿನ ಮುಂದೆ ಸೇರಿತು. ಕೆಳಗೆ ಹಳೆಯ ಹಿತ್ತಾಳೆ ಪಾತ್ರೆಯ ತಳದಂಥ ಕಪ್ಪುಗಂದು ಮೈ ಕಂಡಿತು. ಅಲ್ಲಿಗೆ ಕೈ ನಿಲ್ಲಿಸಬೇಕು. ಕೆಂಪು ಪುಡಿ ತೇವ ಹಿಡಿದಿಟ್ಟುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಗಟ್ಟಿಯಾಗಿ ಕೂತ ಕಪ್ಪು ಪದರದಿಂದ ಅಂಥ ಅಪಾಯವಿಲ್ಲ. ತಳವೊಂದಕ್ಕೇ ಎರಡು ಸಂಜೆ ಹಿಡಿಯಿತು.

ಹಿಡಿಯ ಕೊಳೆ ತೆಗೆಯಲು ಎಂಜಲಲ್ಲಿ ಒದ್ದೆ ಮಾಡಿದ ಹತ್ತಿ ಒಳ್ಳೆಯದೆನ್ನುತ್ತಾರೆ, ವಸ್ತುಸಂಗ್ರಹಾಲಯಗಳಲ್ಲೂ ಆ ಪದ್ಧತಿಯಿದೆ. ಆಯುಧ ಪೂಜೆಯಲ್ಲಿ ಕೈಮುಗಿಯುವ ಹತ್ಯಾರಕ್ಕೆ ಎಂಜಲು ಮುಟ್ಟಿಸಲು ನನ್ನಿಂದಾಗಲಿಲ್ಲ. ಸೋಪಿನ ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒತ್ತಿದೆ. ಸ್ಪಿರಿಟ್ ಬಳಸಲಿಲ್ಲ, ಹಳೆಯ ಪಾಲಿಶ್ ಅರಗಿನದಾಗಿದ್ದರೆ ಕರಗಿ ಬಟ್ಟೆಗೇ ಬರುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ, ಅದು ಒಣಗುವುದಿಲ್ಲ, ಕಮಟು ವಾಸನೆ ಬರುತ್ತದೆ. ಒಂದು ಪಾಲು ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಒಲೆಯಿಂದ ದೂರ ತಂದು ಮೂರು ಪಾಲು ಟರ್ಪೆಂಟೈನ್ ಬೆರೆಸಿದೆ. ಅದನ್ನೇ ಮರಕ್ಕೂ ಕಬ್ಬಿಣಕ್ಕೂ ತೆಳ್ಳಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಇದೇ ಕೆಲಸ.

ಅಲಗಿನ ಬಾಯಿಯ ವಿಷಯದಲ್ಲಿ ಮಾತ್ರ ನನಗೆ ಈ ಮುಲಾಜಿಲ್ಲ. ಅದು ಸಾಣೆಕಲ್ಲಿಗೆ ಹೋಗಲೇಬೇಕು, ಕನ್ನಡಿಯಂತೆ ಬೆಳಗಲೇಬೇಕು. ಕೆತ್ತದ ಕೀಸುಳಿಯನ್ನು ಕಾಪಾಡಿ ಏನು ಮಾಡಲಿ?

ಎಡಗಡೆಯ ಪಕ್ಕೆಯ ಮೇಲೆ ಗುಂಡಗೆ ಒಂದು ಗುಳಿ ಬಿದ್ದಿದೆ. ವರ್ಷವರ್ಷವೂ ಅಪ್ಪ ಆಯುಧ ಪೂಜೆಯ ದಿನ ಒದ್ದೆ ಕುಂಕುಮ ಇಡುತ್ತಿದ್ದ ಜಾಗ. ತೇವ ಅಲ್ಲೇ ನಿಂತು ಕಬ್ಬಿಣ ತಿಂದಿದೆ. ಕೆಂಪು ಪುಡಿ ಕೆರೆದು ಮೇಣ ತುಂಬಿದೆ, ಗುಳಿಯನ್ನು ಹಾಗೇ ಬಿಟ್ಟೆ. ಈಗ ಬೊಟ್ಟನ್ನು ಹಿಡಿಯ ಮೇಲಿಡುತ್ತೇನೆ.